ಹೊಸ ಲ್ಯಾಬ್ ಕಟ್ಟಡ: ಮೊದಲು ಗಾಳಿಯ ದಾರಿ ಗೊತ್ತುಮಾಡಿಕೊಳ್ಳಿ

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿ. ನಮ್ಮ ಹಳೆಯ ವಿಜ್ಞಾನ ಕಟ್ಟಡಕ್ಕೆ ಹೊಂದಿಕೊಂಡಂತೆ ಮೂರಂತಸ್ತಿನ ಹೊಸ ಪ್ರಯೋಗಾಲಯ ಕಟ್ಟಲು ಹಣ ಮಂಜೂರಾಗಿದೆ. ಭೌತ, ರಸಾಯನ, ಜೀವವಿಜ್ಞಾನ ಮೂರಕ್ಕೂ ಅದರಲ್ಲೇ ಜಾಗ. ಕಟ್ಟಡ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ಆರ್ಕಿಟೆಕ್ಟ್ ತಂದ ಮೊದಲ ನಕ್ಷೆಯಲ್ಲಿ ಮುಂಭಾಗದ ಗಾಜು, ಒಳಗಿನ ಹಜಾರ ಎಲ್ಲ ಚೆನ್ನಾಗಿ ಕಾಣುತ್ತವೆ. ಆದರೆ ಅವರನ್ನು ಏನು ಕೇಳಬೇಕೆಂದೇ ನಮಗೆ ತಿಳಿಯುತ್ತಿಲ್ಲ. ಎಸ್ಟಿಮೇಟ್ ಈಗಲೇ ಕೈಮೀರಿದೆ, ಎಲ್ಲಾದರೂ ಕಡಿತ ಮಾಡಲೇಬೇಕು. ಎಲ್ಲಿಂದ ಶುರುಮಾಡಲಿ?

ಉತ್ತರ: ಮೇಡಂ, ನಿಮ್ಮ ನಕ್ಷೆ ಇನ್ನೂ ಕಾಗದದ ಮೇಲಿದೆ ಎಂದು ಓದಿ ಸಮಾಧಾನವಾಯಿತು. ಇಂಥ ಪ್ರಶ್ನೆಗಳು ಸಾಮಾನ್ಯವಾಗಿ ನನ್ನ ಹತ್ತಿರ ಬರುವುದು ಸ್ಲ್ಯಾಬ್ ಹಾಕಿದ ಮೇಲೆ. ಆಗ ಗೋಡೆ ಒಡೆಯುವ ಮಾತು ಬಿಟ್ಟು ಬೇರೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ.

ತರಗತಿಗಳ ಕಟ್ಟಡದಲ್ಲಿ ಮೊದಲು ಕೋಣೆಗಳನ್ನು ಜೋಡಿಸಿಕೊಂಡು, ಫ್ಯಾನು ಪೈಪುಗಳ ಮಾತನ್ನು ಆಮೇಲೆ ಆಡಬಹುದು. ಲ್ಯಾಬ್ ಕಟ್ಟಡದಲ್ಲಿ ಹಾಗಾಗುವುದಿಲ್ಲ. ಗಾಳಿ ಎಲ್ಲಿಂದ ಬರಬೇಕು, ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಹೊರಬೀಳಬೇಕು ಎನ್ನುವುದು ಮೊದಲು ತೀರ್ಮಾನವಾಗಬೇಕು. ಕೋಣೆಗಳು ಅದರ ಸುತ್ತ ಕೂರಬೇಕು. ನಿಮ್ಮ ನಕ್ಷೆಯಲ್ಲಿ ಈ ದಾರಿಯನ್ನು ಬೆರಳಿಟ್ಟು ತೋರಿಸಿ ಎಂದು ಆರ್ಕಿಟೆಕ್ಟ್ ಅವರನ್ನು ಕೇಳಿ. ಇದೇ ನಿಮ್ಮ ಮೊದಲ ಪ್ರಶ್ನೆಯಾಗಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಲೆಕ್ಕ ಹಾಗಿದೆ. ಒಂದು ಫ್ಯೂಮ್ ಹುಡ್ ತೆಗೆದುಕೊಳ್ಳಿ, ಅಂದರೆ ಹೊಗೆ, ಆವಿಗಳನ್ನು ಎಳೆದು ಕಟ್ಟಡದ ಹೊರಗೆ ಕಳಿಸುವ, ಎದುರಿಗೆ ಎತ್ತುವ ಗಾಜಿರುವ ಪೆಟ್ಟಿಗೆ. ಗಾಜು ಎತ್ತಿದಾಗ ತೆರೆದುಕೊಳ್ಳುವ ಬಾಯಿ 1.5 ಮೀಟರ್ ಅಗಲ, ಅರ್ಧ ಮೀಟರ್ ಎತ್ತರ ಎಂದಿಟ್ಟುಕೊಳ್ಳೋಣ. ಒಳಗಿನ ಹೊಗೆ ನಿಮ್ಮ ಮುಖದತ್ತ ಬರಬಾರದು ಎಂದರೆ ಆ ಬಾಯಿಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು 0.5 ಮೀಟರ್ ವೇಗದಲ್ಲಿ ಒಳಕ್ಕೆ ಹೋಗುತ್ತಿರಬೇಕು. ಗುಣಿಸಿದರೆ ಗಂಟೆಗೆ 1,350 ಘನ ಮೀಟರ್ ಆಗುತ್ತದೆ. 10 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಎತ್ತರದ ಲ್ಯಾಬಿನಲ್ಲಿ ಇರುವ ಗಾಳಿಯೇ 240 ಘನ ಮೀಟರ್. ಅಂಥ ಕೋಣೆಯಲ್ಲಿ ನಾಲ್ಕು ಹುಡ್ ಓಡುತ್ತಿದ್ದರೆ ಮೂರು ನಿಮಿಷ ತುಂಬುವಷ್ಟರಲ್ಲಿ ಕೋಣೆಯ ಗಾಳಿಯಷ್ಟೂ ತಾರಸಿಯ ಮೇಲಿಂದ ಹೊರಗೆ ಹೋಗಿರುತ್ತದೆ. ಆ ಗಾಳಿಯನ್ನು ಎಸಿ ಹಾಕಿ ತಂಪು ಮಾಡಿದ್ದರೆ ಆ ತಂಪೂ ಅದರ ಜೊತೆಗೇ ಹೋಯಿತು. ಲ್ಯಾಬ್ ಕಟ್ಟಡದ ವಿದ್ಯುತ್ ಖರ್ಚು ಅಷ್ಟೇ ದೊಡ್ಡ ಕಚೇರಿ ಕಟ್ಟಡದ ಹಲವು ಪಟ್ಟು ಬರುವುದಕ್ಕೆ ಇದು ದೊಡ್ಡ ಕಾರಣ. ಹಾಗಾಗಿ ‘ಒಟ್ಟು ಎಷ್ಟು ಹುಡ್?’ ಎಂಬ ಸಂಖ್ಯೆ ಸಮಿತಿಯ ಮುಂದೆ ಬೇಗ ಬರಬೇಕು. ಪ್ರತಿ ವಿಭಾಗವೂ ‘ಇರಲಿ ಎರಡು’ ಎಂದು ಬರೆಸಿಬಿಟ್ಟರೆ ಅದು ಕಟ್ಟಡದ ಆಯುಷ್ಯದುದ್ದಕ್ಕೂ ಕಟ್ಟುವ ಬಿಲ್ಲು.

ಹೊರಗೆ ಹೋದಷ್ಟೇ ಗಾಳಿ ಒಳಗೂ ಬರಬೇಕು. ಮೇಲುನೋಟಕ್ಕೆ ಎಲ್ಲರಿಗೂ ಗೊತ್ತಿರುವ ಮಾತು, ಆದರೂ ಎಸ್ಟಿಮೇಟ್ ಕಡಿಮೆ ಮಾಡುವಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಒಂದು ಹೊಸ ಕಟ್ಟಡಕ್ಕೆ ನನ್ನನ್ನು ಕರೆದಿದ್ದರು. ಹುಡ್‌ಗಳು ಹೊಸವು, ಮೇಲಿನ ಫ್ಯಾನುಗಳೂ ಒಳ್ಳೆಯವೇ. ಹೊರಗಿನ ಗಾಳಿಯನ್ನು ಸೋಸಿ ಒಳಗೆ ಕಳಿಸುವ ಯಂತ್ರವನ್ನು ಮಾತ್ರ ‘ಮುಂದಿನ ಹಂತದಲ್ಲಿ ನೋಡೋಣ’ ಎಂದು ಬಿಟ್ಟಿದ್ದರು. ಫ್ಯಾನುಗಳೆಲ್ಲ ಓಡುತ್ತಿದ್ದಾಗ ಒಳಗಿನ ಗಾಳಿಯ ಒತ್ತಡ ಕುಸಿದು, ಲ್ಯಾಬಿನ ಒಳಗಿನಿಂದ ಬಾಗಿಲು ತಳ್ಳಲು ಭುಜ ಕೊಡಬೇಕಾಗುತ್ತಿತ್ತು. ಬೆಂಕಿ ಬಿದ್ದ ದಿನ ಆ ಬಾಗಿಲು ಏನಾಗುತ್ತಿತ್ತೋ, ಈಗ ನೆನೆದರೂ ಎದೆ ನಡುಗುತ್ತದೆ. ವಿದ್ಯಾರ್ಥಿಗಳು ತಮಗೆ ತೋಚಿದ ಪರಿಹಾರ ಕಂಡುಕೊಂಡಿದ್ದರು: ಕಿಟಕಿ ತೆರೆದಿಡುವುದು. ಕಿಟಕಿಯಿಂದ ನುಗ್ಗಿದ ಗಾಳಿ ಹುಡ್‌ನ ಬಾಯಿಗೆ ಅಡ್ಡಲಾಗಿ ಬೀಸುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಕೋಣೆ ತುಂಬ ದ್ರಾವಕದ ವಾಸನೆ.

ಅಲ್ಲಿ ನಾನು ಮಾಡಿದ ಪರೀಕ್ಷೆಯನ್ನು ನೀವು ನಿಮ್ಮ ಹಳೆಯ ಲ್ಯಾಬಿನಲ್ಲಿ ಇವತ್ತೇ ಮಾಡಿ ನೋಡಬಹುದು. ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯೊಂದನ್ನು ಹರಿದು ಹುಡ್‌ನ ಗಾಜಿನ ಕೆಳ ಅಂಚಿಗೆ ಟೇಪಿನಿಂದ ಅಂಟಿಸಿ. ಪಟ್ಟಿ ಒಳಕ್ಕೆ ಬಾಗಿ ನಿಲ್ಲಬೇಕು. ಅಲ್ಲಿಯೂ ಬಾಗಿ ನಿಂತಿತ್ತು. ಅಷ್ಟರಲ್ಲಿ ಒಬ್ಬ ಹುಡುಗ ಬೀಕರ್ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ಹಾದುಹೋದ. ಪಟ್ಟಿ ಒಂದು ಕ್ಷಣ ನೇರವಾಗಿ ನೇತಾಡಿ, ಆಮೇಲೆ ಹೊರಕ್ಕೆ, ನನ್ನ ಎದೆಯ ಕಡೆಗೆ ತಿರುಗಿತು. ಮನುಷ್ಯ ಸಾಧಾರಣವಾಗಿ ನಡೆಯುವ ವೇಗ ಸೆಕೆಂಡಿಗೆ 1.3 ಮೀಟರಿನಷ್ಟು. ಹುಡ್‌ನ ಗಾಳಿಯ ವೇಗ ಅದರ ಅರ್ಧವೂ ಇಲ್ಲ. ಓಡಾಟದ ದಾರಿಯಲ್ಲಿ, ಬಾಗಿಲ ಪಕ್ಕದಲ್ಲಿ, ಎಸಿ ಗಾಳಿ ಬೀಳುವ ಜಾಲರಿಯ ಕೆಳಗೆ ಹುಡ್ ಇಡಬಾರದು ಎನ್ನುವುದು ಇದಕ್ಕೇ. ನಕ್ಷೆಯಲ್ಲಿ ಹುಡ್‌ಗಳು ಬಾಗಿಲಿನಿಂದ ದೂರದ ಗೋಡೆಗೆ ಇವೆಯೇ ನೋಡಿ. ಬಾಗಿಲ ಹತ್ತಿರ ಇದ್ದರೆ ಇನ್ನೊಂದು ಅಪಾಯವೂ ಇದೆ. ಹುಡ್‌ನಲ್ಲಿ ಬೆಂಕಿ ಹೊತ್ತಿಕೊಂಡರೆ ಓಡಬೇಕಾದ ದಾರಿಯಲ್ಲೇ ಬೆಂಕಿ.

ಇನ್ನು ಆ ಗಾಳಿ ಮೇಲೇರುವ ಷಾಫ್ಟ್, ಅಂದರೆ ಮಹಡಿಗಳನ್ನು ಹಾದು ತಾರಸಿಯವರೆಗೆ ಹೋಗುವ ಲಂಬ ಕಿಂಡಿ. ಮೂರು ಅಂತಸ್ತಿಗೆ ಸೇರಿ 24 ಹುಡ್ ಎಂದುಕೊಂಡರೆ ಸೆಕೆಂಡಿಗೆ 9 ಘನ ಮೀಟರ್ ಗಾಳಿ. ಡಕ್ಟಿನಲ್ಲಿ (ಗಾಳಿ ಸಾಗುವ ದೊಡ್ಡ ಕೊಳವೆ) ಅದು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಹೋದರೂ ಡಕ್ಟುಗಳ ಒಳಜಾಗವೇ 1.3 ಚದರ ಮೀಟರ್ ಬೇಕು. ಒಳಬರುವ ಗಾಳಿಯ ಡಕ್ಟು, ನೀರು, ಕೊಳಚೆ, ಅನಿಲದ ಪೈಪುಗಳು, ಕೇಬಲ್, ರಿಪೇರಿಗೆ ಒಬ್ಬ ಮನುಷ್ಯ ನಿಲ್ಲುವ ಜಾಗ ಇವೆಲ್ಲ ಅದರ ಮೇಲೆ. ನಿಮ್ಮ ನಕ್ಷೆಯಲ್ಲಿ ಷಾಫ್ಟ್ ಎಂದು ಬರೆದಿರುವ ಚೌಕವನ್ನು ಸ್ಕೇಲ್ ಹಿಡಿದು ಅಳೆಯಿರಿ. ಶೌಚಾಲಯದ ಪೈಪಿಗೆ ಬಿಡುವಷ್ಟೇ ಜಾಗ ಬಿಟ್ಟಿದ್ದರೆ, ಗಾಳಿಯ ಲೆಕ್ಕ ಇನ್ನೂ ಯಾರೂ ಹಾಕಿಲ್ಲ ಎಂದೇ ಅರ್ಥ. ನೀವು ಪರ್‌ಕ್ಲೋರಿಕ್ ಆಮ್ಲವನ್ನು ಕಾಯಿಸುವ ಕೆಲಸ ಮಾಡುವವರಾದರೆ ಅದಕ್ಕೆ ಪ್ರತ್ಯೇಕ ಹುಡ್, ಪ್ರತ್ಯೇಕ ಡಕ್ಟು, ಒಳಗೆ ನೀರು ಚಿಮುಕಿಸಿ ತೊಳೆಯುವ ವ್ಯವಸ್ಥೆ ಬೇಕೇ ಬೇಕು. ಅದರ ಆವಿಯಿಂದ ಡಕ್ಟಿನ ಒಳಗೆ ಕಟ್ಟಿಕೊಳ್ಳುವ ಪರ್‌ಕ್ಲೋರೇಟ್ ಸ್ಫೋಟಕ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ಡಕ್ಟು ಜೋಡಿಸುವವರಿಗೆ ನೀವು ಹೇಳಬೇಕು.

ನಿಮ್ಮ ಕಟ್ಟಡ ಒಂಟಿಯಾಗಿ ನಿಂತಿಲ್ಲ, ಹಳೆಯದಕ್ಕೆ ಅಂಟಿಕೊಳ್ಳುತ್ತದೆ. ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಎತ್ತರ. ಹಳೆಯ ಕಟ್ಟಡದ ಅಂತಸ್ತುಗಳು 3.4 ಮೀಟರ್ ಎತ್ತರದವು ಎಂದಿಟ್ಟುಕೊಳ್ಳಿ. ಬೀಮಿನ ಕೆಳಗೆ ಡಕ್ಟು ಹೋಗಿ, ಅದರ ಕೆಳಗೆ ದೀಪ, ಪೈಪು ಬಂದು, ಅದರ ಕೆಳಗೆ ಹುಡ್ ನಿಲ್ಲಬೇಕಾದರೆ ಹೊಸದಕ್ಕೆ ನೆಲದಿಂದ ನೆಲಕ್ಕೆ 4.2 ಮೀಟರ್ ಆದರೂ ಬೇಕು. ನೆಲಮಹಡಿ ಸಮವಾಗಿ ಸೇರಿದರೂ ಒಂದನೇ ಮಹಡಿಯಲ್ಲಿ 0.8 ಮೀಟರ್, ಎರಡನೆಯದರಲ್ಲಿ 1.6 ಮೀಟರ್ ವ್ಯತ್ಯಾಸ. ಹನ್ನೆರಡಕ್ಕೊಂದರ ಇಳಿಜಾರು ಕೊಟ್ಟರೂ ಎರಡನೇ ಮಹಡಿಯಲ್ಲಿ 19 ಮೀಟರ್ ಉದ್ದದ ರ‍್ಯಾಂಪ್ ಆಗುತ್ತದೆ. ಮೆಟ್ಟಿಲು ಕೊಟ್ಟರೆ ಆಮ್ಲದ ಬಾಟಲಿಗಳ ಗಾಡಿಯನ್ನು ಯಾರೋ ಒಬ್ಬರು ದಿನವೂ ಎತ್ತಿ ಇಳಿಸಬೇಕು. ಇಂಥಲ್ಲಿ ಒಂದು ತಪ್ಪು ಮಾಡಿಯೇ ಮಾಡುತ್ತಾರೆ. ಎರಡೂ ಕಡೆ ನೆಲ ಸಮವಾಗಿರಲಿ ಎಂದು ಹೊಸ ಕಟ್ಟಡವನ್ನೂ 3.4ಕ್ಕೆ ಇಳಿಸಿಬಿಡುತ್ತಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ನೆಲಮಹಡಿಯಲ್ಲಿ ಮಾತ್ರ ಸೇರಿಸಿ, ಮೇಲಿನ ಮಹಡಿಗಳಿಗೆ ಎರಡೂ ಬದಿಗೆ ಬಾಗಿಲಿರುವ, ಎರಡೂ ಕಟ್ಟಡಗಳ ಮಟ್ಟದಲ್ಲಿ ನಿಲ್ಲುವ ಲಿಫ್ಟ್ ಒಂದನ್ನು ಸಂಧಿಯಲ್ಲಿ ಇಟ್ಟರೆ ಸಾಕಾಗುತ್ತದೆ.

ಎರಡನೆಯದು ಚಿಮಣಿ. ಹೊರಬಿದ್ದ ಗಾಳಿ ಹಳೆಯ ಕಟ್ಟಡದ ಕಿಟಕಿಗೆ ಹೋಗಬಾರದು, ನಿಮ್ಮದೇ ಶುದ್ಧ ಗಾಳಿಯ ಬಾಯಿಗೂ ಮರಳಬಾರದು. ತಾರಸಿಯಿಂದ ಕನಿಷ್ಠ 3 ಮೀಟರ್ ಎತ್ತರ, ಹೊರಬೀಳುವ ವೇಗ ಸೆಕೆಂಡಿಗೆ 15 ಮೀಟರ್ ಆಸುಪಾಸು ಎನ್ನುವುದು ಸಾಮಾನ್ಯ ಅಳತೆ. ಹಳೆಯ ಕಟ್ಟಡವೇ ಹೊಸದಕ್ಕಿಂತ ಎತ್ತರವಾಗಿದ್ದರೆ ಆ 3 ಮೀಟರ್ ಏನೇನೂ ಸಾಲದು, ಗಾಳಿ ಬೀಸುವ ದಿಕ್ಕು ನೋಡಿ ಬೇರೆಯೇ ಅಧ್ಯಯನ ಮಾಡಿಸಬೇಕು. ಮಳೆ ಬೀಳದಿರಲಿ ಎಂದು ಚಿಮಣಿಯ ತಲೆಗೆ ಟೋಪಿ ಹಾಕಿಸುವವರಿದ್ದಾರೆ. ಅದು ಹೊಗೆಯನ್ನು ಮತ್ತೆ ತಾರಸಿಯ ಮೇಲಕ್ಕೇ ತಳ್ಳುತ್ತದೆ. ಬಾಯಿ ನೇರ ಆಕಾಶಕ್ಕೆ ತೆರೆದಿರಲಿ, ಒಳಗೆ ಬಿದ್ದ ನೀರು ಹರಿದುಹೋಗಲು ಬುಡದಲ್ಲಿ ಒಂದು ತೂತು ಇರಲಿ.

ಯಾವ ವಿಭಾಗಕ್ಕೆ ಯಾವ ಮಹಡಿ ಎನ್ನುವುದನ್ನು ವಿಭಾಗಗಳ ಹಿರಿತನದ ಮೇಲೆ ಹಂಚಬೇಡಿ. ಹೆಚ್ಚು ಹುಡ್ ಇರುವ ರಸಾಯನ ವಿಭಾಗ ಮೇಲಿನ ಮಹಡಿಯಲ್ಲಿದ್ದರೆ ಡಕ್ಟುಗಳು ಗಿಡ್ಡವಾಗುತ್ತವೆ, ಕೆಳಗಿನ ಮಹಡಿಗಳ ಜಾಗವನ್ನು ಷಾಫ್ಟ್ ತಿನ್ನುವುದಿಲ್ಲ. ಇದಕ್ಕೆ ಎದುರಾಗಿ ಒಂದು ಮಾತಿದೆ. ಬೇಗ ಹೊತ್ತಿಕೊಳ್ಳುವ ದ್ರಾವಕಗಳನ್ನು ಮೇಲಿನ ಮಹಡಿಗಳಲ್ಲಿ ಹೆಚ್ಚು ಇಡುವುದು ಅಪಾಯ, ಅಗ್ನಿಸುರಕ್ಷತೆಯ ನಿಯಮಗಳೂ ಎತ್ತರ ಹೆಚ್ಚಿದಂತೆ ಪ್ರಮಾಣ ಕಡಿಮೆ ಮಾಡುತ್ತವೆ. ನನ್ನ ಸಲಹೆ, ದ್ರಾವಕದ ಗೋದಾಮು ನೆಲದ ಮಟ್ಟದಲ್ಲಿ ಬೇರೆಯಾಗಿರಲಿ, ಅವತ್ತಿಗೆ ಬೇಕಾದಷ್ಟು ಮಾತ್ರ ಮೇಲೆ ಹೋಗಲಿ. ಭೌತಶಾಸ್ತ್ರದ ಸೂಕ್ಷ್ಮ ಉಪಕರಣಗಳು ನೆಲಮಹಡಿಗೆ, ಜೀವವಿಜ್ಞಾನ ನಡುವೆ.

ಭೌತಶಾಸ್ತ್ರದವರು ನೆಲಮಹಡಿ ಕೇಳುವುದಕ್ಕೆ ಕಂಪನವೇ ಕಾರಣ. ಭಾರ ತಡೆಯುವ ನೆಲವೇ ಬೇರೆ, ಅಲುಗದ ನೆಲವೇ ಬೇರೆ. ಚದರ ಮೀಟರಿಗೆ 500 ಕಿಲೋ ಹೊರುವ ಸ್ಲ್ಯಾಬೂ ಪಕ್ಕದಲ್ಲಿ ಯಾರಾದರೂ ನಡೆದರೆ ಮಿಡಿಯುತ್ತದೆ. ಇದಕ್ಕೆ ಅಳತೆಗಳಿವೆ. ಸಾಧಾರಣ ಕಚೇರಿಯಲ್ಲಿ ನೆಲ ಸೆಕೆಂಡಿಗೆ 400 ಮೈಕ್ರೋಮೀಟರ್ ವೇಗದಲ್ಲಿ ಕಂಪಿಸಿದರೂ ಯಾರಿಗೂ ತೊಂದರೆಯಿಲ್ಲ. 400 ಪಟ್ಟು ಹಿಗ್ಗಿಸಿ ತೋರಿಸುವ ಸೂಕ್ಷ್ಮದರ್ಶಕಕ್ಕೆ 50 ಮೀರಬಾರದು. ಒಳ್ಳೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಿಗೆ ಇದು ಒಂದಂಕಿಗೆ ಇಳಿಯುತ್ತದೆ. ಅಂಥ ಉಪಕರಣವನ್ನು ಲಿಫ್ಟ್, ಟ್ರಾನ್ಸ್‌ಫಾರ್ಮರ್, ದೊಡ್ಡ ಫ್ಯಾನುಗಳಿಂದ ದೂರ, ಮಣ್ಣಿನ ಮೇಲೆ ನೇರವಾಗಿ ಕೂತ ದಪ್ಪ ಕಾಂಕ್ರೀಟಿನ ಮೇಲೆ ಇಡಬೇಕು. ಮೇಲಿನ ಮಹಡಿಗಳಲ್ಲಿ ತಕ್ಕಡಿ ಇಡಲೇಬೇಕಾದರೆ ಪಿಲ್ಲರಿನ ಪಕ್ಕ ಇಡಿ. ಎರಡು ಪಿಲ್ಲರ್‌ಗಳ ನಡುಮಧ್ಯದಲ್ಲಿ ನೆಲ ಅತಿ ಹೆಚ್ಚು ಮಿಡಿಯುತ್ತದೆ.

ಎನ್‌ಎಂಆರ್ (ಬಲವಾದ ಕಾಂತದಿಂದ ಅಣುಗಳ ರಚನೆ ತಿಳಿಯುವ ಯಂತ್ರ) ತರಿಸುವ ಯೋಚನೆ ಇದ್ದರೆ ಈಗಲೇ ಹೇಳಿಬಿಡಿ. ಅದರ ಕಾಂತಕ್ಷೇತ್ರ ಗೋಡೆಯಾಚೆಗೆ ಮಾತ್ರವಲ್ಲ, ಸ್ಲ್ಯಾಬ್ ದಾಟಿ ಮೇಲಿನ ಕೋಣೆಗೂ ಹೋಗುತ್ತದೆ. 5 ಗಾಸ್‌ (ಕಾಂತಕ್ಷೇತ್ರದ ಬಲದ ಮಾನ) ಗೆರೆಯ ಒಳಗೆ ಪೇಸ್‌ಮೇಕರ್ ಇರುವವರು ಬರಬಾರದು, ಹಾಗಾಗಿ ಆ ಗೆರೆಯನ್ನು ಮೇಲಿನ ಮಹಡಿಯ ನಕ್ಷೆಯಲ್ಲೂ ಎಳೆಯಬೇಕು. ಜೊತೆಗೆ ಆ ಕಾಂತವನ್ನು ತಂಪಾಗಿಡಲು ಬೇಕಾಗುವ ದ್ರವ ಸಾರಜನಕ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. 30 ಘನ ಮೀಟರಿನ ಮುಚ್ಚಿದ ಕೋಣೆಯಲ್ಲಿ 10 ಲೀಟರ್ ಚೆಲ್ಲಿದರೆ ಆಮ್ಲಜನಕ ಶೇ 21ರಿಂದ ಶೇ 16–17ಕ್ಕೆ ಇಳಿಯಬಹುದು. ಉಸಿರಾಡುವವನಿಗೆ ವಾಸನೆಯೂ ಇಲ್ಲ, ಸೂಚನೆಯೂ ಇಲ್ಲ. ಆ ಕೋಣೆಗೆ ಶೇ 19.5ಕ್ಕೆ ಕೂಗುವ ಆಮ್ಲಜನಕದ ಅಲಾರಂ ಬೇಕು, ಅಲಾರಂ ಕೋಣೆಯ ಹೊರಗೂ ಕೇಳಬೇಕು. ಪಾತ್ರೆಯನ್ನು ಲಿಫ್ಟಿನಲ್ಲಿ ಮನುಷ್ಯರಿಲ್ಲದೆ ಕಳಿಸಲು ಕೀಲಿ ವ್ಯವಸ್ಥೆ ಮಾಡಿಸಿ.

ಜೀವವಿಜ್ಞಾನದವರ ಜೊತೆ ಒಂದು ವಿಷಯ ಬಿಡಿಸಿ ಮಾತಾಡಿ. ಫ್ಯೂಮ್ ಹುಡ್, ಬಯೋಸೇಫ್ಟಿ ಕ್ಯಾಬಿನೆಟ್ (ರೋಗಾಣುಗಳಿಂದ ಕೆಲಸ ಮಾಡುವವರನ್ನೂ ಕಾಪಾಡುವ ಪೆಟ್ಟಿಗೆ), ಲ್ಯಾಮಿನಾರ್ ಫ್ಲೋ ಬೆಂಚು ಮೂರಕ್ಕೂ ಎದುರಿಗೆ ಗಾಜಿರುವುದರಿಂದ ಪಟ್ಟಿ ಬರೆಯುವವರು ಒಂದರ ಬದಲು ಇನ್ನೊಂದನ್ನು ಬರೆದುಬಿಡುತ್ತಾರೆ. ಲ್ಯಾಮಿನಾರ್ ಬೆಂಚು ಸೋಸಿದ ಗಾಳಿಯನ್ನು ಮಾದರಿಯ ಮೇಲಿಂದ ಕೆಲಸ ಮಾಡುವವರ ಮುಖಕ್ಕೇ ಊದುತ್ತದೆ. ಅದು ಕಾಪಾಡುವುದು ಮಾದರಿಯನ್ನು, ಮನುಷ್ಯರನ್ನಲ್ಲ. ರೋಗಾಣುಗಳ ಕೆಲಸವನ್ನು ಅದರಲ್ಲಿ ಮಾಡಿಸಿದರೆ ವಿದ್ಯಾರ್ಥಿಗಳನ್ನು ಕೈಯಾರೆ ಅಪಾಯಕ್ಕೆ ಒಡ್ಡಿದಂತೆ.

ನಿಮ್ಮ ನಕ್ಷೆಯ ಗಾಜಿನ ಮುಂಭಾಗದ ಬಗ್ಗೆ ಹೇಳಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್ 1960ರ ಸುಮಾರಿಗೆ ಕಟ್ಟಿದ ರಿಚರ್ಡ್ಸ್ ಪ್ರಯೋಗಾಲಯ ವಾಸ್ತುಶಿಲ್ಪದ ಜಗತ್ತಿನಲ್ಲಿ ಬಹಳ ಹೆಸರು ಮಾಡಿತು. ಗಾಳಿಯ ಷಾಫ್ಟ್‌ಗಳನ್ನು ಗೋಪುರಗಳಂತೆ ಹೊರಗೆ ನಿಲ್ಲಿಸಿದ್ದು ದೊಡ್ಡ ಆಲೋಚನೆಯೇ. ಆದರೆ ಕಿಟಕಿಗಳಿಂದ ನುಗ್ಗುವ ಬಿಸಿಲು ತಡೆಯಲಾರದೆ ವಿಜ್ಞಾನಿಗಳು ಗಾಜಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿಕೊಂಡರು. ಅದೇ ಕಾನ್ 1965ರಲ್ಲಿ ಮುಗಿಸಿದ, ಕ್ಯಾಲಿಫೋರ್ನಿಯಾದ ಸಾಕ್ ಸಂಶೋಧನಾ ಸಂಸ್ಥೆಯಲ್ಲಿ ಪ್ರತಿ ಲ್ಯಾಬ್ ಮಹಡಿಯ ಮೇಲೂ ಡಕ್ಟು ಪೈಪುಗಳಿಗೆಂದೇ ಇಡೀ ಒಂದು ಮಹಡಿ ಕೊಟ್ಟರು. ಲ್ಯಾಬಿನ ಒಳಗೆ ಒಂದೂ ಪಿಲ್ಲರ್ ಇಲ್ಲ. ಕೆಳಗೆ ಪ್ರಯೋಗ ನಡೆಯುತ್ತಿರುವಾಗಲೇ ಮೇಲೆ ಪೈಪು ಬದಲಿಸಬಹುದು. ಅಷ್ಟು ಖರ್ಚು ನಿಮ್ಮಿಂದ ಆಗದು, ಬೇಕಾಗಿಯೂ ಇಲ್ಲ. ಅಲ್ಲಿ ಜಾಗವನ್ನು ಯಾವುದಕ್ಕೆ ಕೊಟ್ಟರು ಎನ್ನುವುದನ್ನು ಸಮಿತಿಯ ಮುಂದೆ ಇಡಿ.

ಕಡಿತದ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲೇ ಇದೆ. ಮುಂದೆ ಸುಲಭವಾಗಿ ಸೇರಿಸಬಹುದಾದದ್ದನ್ನು ಈಗ ಬಿಡಿ. ಗಾಜಿನ ಮುಂಭಾಗ, ಹಜಾರದ ಕಲ್ಲು, ಫಾಲ್ಸ್ ಸೀಲಿಂಗ್, ಗೋಡೆಗೆ ಕಚ್ಚಿಸಿದ ಮರಗೆಲಸ ಇವನ್ನು ಧೈರ್ಯವಾಗಿ ಕತ್ತರಿಸಿ. ಅಂಟಿಸಿದ ಬೆಂಚುಗಳ ಬದಲು ಜರುಗಿಸಬಹುದಾದ ಬೆಂಚುಗಳು ಅಗ್ಗವಲ್ಲದಿದ್ದರೂ ಹತ್ತು ವರ್ಷದಲ್ಲಿ ತಮ್ಮ ದುಡ್ಡು ತಾವೇ ವಾಪಸು ಕೊಡುತ್ತವೆ. ಇನ್ನೂ ಸಾಲದಿದ್ದರೆ ಒಂದು ಮಹಡಿಯ ಅರ್ಧ ಭಾಗವನ್ನು ಗೋಡೆ, ನೆಲ, ಷಾಫ್ಟಿನ ಬಾಯಿ ಮಾತ್ರ ಇರುವ ಖಾಲಿ ಜಾಗವಾಗಿ ಬಿಟ್ಟು, ಹಣ ಬಂದಾಗ ತುಂಬಿ. ಅಂತಸ್ತಿನ ಎತ್ತರ, ಷಾಫ್ಟಿನ ಅಗಲ, ನೆಲದ ಬಿಗಿ, ಒಳಬರುವ ಗಾಳಿಯ ಯಂತ್ರ, ವಿದ್ಯುತ್ ಕೋಣೆಯ ಜಾಗ ಇವುಗಳಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಬಿಟ್ಟುಕೊಡಬೇಡಿ. ಆಮ್ಲ ಹರಿಯುವ ಕೊಳಚೆ ಪೈಪು ಕಬ್ಬಿಣದ್ದಾಗದೆ ಪಾಲಿಪ್ರೊಪಿಲೀನ್‌ನದ್ದಾಗಿರಲಿ.

ಸಮಿತಿಯ ಲೆಕ್ಕದಲ್ಲಿ ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ವಿಭಾಗಗಳು ಕೇಳಿದ ಕೋಣೆಗಳನ್ನು ಕೂಡಿಸಿ ಸಾವಿರ ಚದರ ಮೀಟರ್ ಆಯಿತೆಂದರೆ ಕಟ್ಟಡ ಸಾವಿರ ಆಗುವುದಿಲ್ಲ. ಗೋಡೆ, ಮೆಟ್ಟಿಲು, ದಾರಿ, ಷಾಫ್ಟ್, ಯಂತ್ರಗಳ ಕೋಣೆ ಸೇರಿ 1,700ರ ಹತ್ತಿರ ಹೋಗುತ್ತದೆ. ನಿಮ್ಮ ಎಸ್ಟಿಮೇಟ್ ಮೀರಿದ್ದಕ್ಕೆ ಬಹುಶಃ ಇದೂ ಒಂದು ಕಾರಣ.

ತುರ್ತು ಶವರ್ ಬಗ್ಗೆ ಕೇಳದೆ ಬಿಡಬೇಡಿ. ಮೈಮೇಲೆ ಆಮ್ಲ ಚೆಲ್ಲಿಕೊಂಡವರು 10 ಸೆಕೆಂಡಿನೊಳಗೆ ಅದರ ಕೆಳಗೆ ನಿಲ್ಲುವಂತಿರಬೇಕು, ನಡುವೆ ಬಾಗಿಲು ಮೆಟ್ಟಿಲು ಇರಬಾರದು. ನಿಮಿಷಕ್ಕೆ 75 ಲೀಟರಿನಂತೆ 15 ನಿಮಿಷ ನೀರು ಸುರಿಯಬೇಕು. ಅಂದರೆ ಸಾವಿರದ ನೂರು ಲೀಟರಿಗೂ ಹೆಚ್ಚು. ಆ ನೀರು ಎಲ್ಲಿಗೆ ಹೋಗುತ್ತದೆ? ನಾನು ಕಂಡ ಅನೇಕ ಕಡೆ ಶವರ್ ಇದೆ, ಕೆಳಗೆ ನೀರು ಹೋಗುವ ದಾರಿಯೇ ಇಲ್ಲ. ಹಾಗಾಗಿ ನೆಲ ಒದ್ದೆಯಾಗುತ್ತದೆಂದು ಯಾರೂ ಅದನ್ನು ಪರೀಕ್ಷಿಸುವುದಿಲ್ಲ. ವರ್ಷಗಟ್ಟಲೆ ಎಳೆಯದ ಶವರಿನಿಂದ ಬೇಕಾದ ದಿನ ತುಕ್ಕು ನೀರು ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಸುಟ್ಟುಕೊಂಡ ಮಗುವೊಂದು ಅದರ ಕೆಳಗೆ ನಿಂತಿರುತ್ತದೆ ಎಂದು ನೆನೆದುಕೊಂಡು ಈ ಒಂದು ವಿಷಯಕ್ಕೆ ಹಟ ಹಿಡಿಯಿರಿ.

ಈಗ ಮಾಡಬೇಕಾದ ಕೆಲಸ. ಆರ್ಕಿಟೆಕ್ಟ್ ಮುಂದಿನ ನಕ್ಷೆ ಬರೆಯುವ ಮೊದಲು ಕೋಣೆಗೊಂದು ಹಾಳೆ ತಯಾರಿಸಿ. ಅಲ್ಲಿ ಏನು ಕೆಲಸ, ಎಷ್ಟು ಜನ, ಯಾವ ಉಪಕರಣ, ಅದರ ತೂಕ, ಅದು ಉಗುಳುವ ಶಾಖ, ಎಷ್ಟು ಪ್ಲಗ್, ಕರೆಂಟು ಹೋದರೆ ಯಾವುದು ನಿಲ್ಲಬಾರದು, ಯಾವ ಅನಿಲ, ಯಾವ ಬಾಗಿಲಿನಿಂದ ಉಪಕರಣ ಒಳಗೆ ಬರುತ್ತದೆ ಎಲ್ಲ ಅದರಲ್ಲಿ ಅಂಕಿಗಳಲ್ಲಿ ಇರಲಿ. ‘ಆಧುನಿಕ ಸೌಲಭ್ಯ ಬೇಕು’ ಎಂಬ ವಾಕ್ಯದಿಂದ ಯಾರೂ ಡಕ್ಟಿನ ಅಳತೆ ತೆಗೆಯಲಾರರು. ಈ ಹಾಳೆ ತುಂಬಲು ಪ್ರಾಧ್ಯಾಪಕರ ಜೊತೆಗೆ ಲ್ಯಾಬ್ ಸಹಾಯಕರನ್ನೂ ಸ್ಟೋರ್ ನೋಡಿಕೊಳ್ಳುವವರನ್ನೂ ಕೂರಿಸಿಕೊಳ್ಳಿ. ಸಿಲಿಂಡರ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾವ ಸಿಂಕು ಕಟ್ಟಿಕೊಳ್ಳುತ್ತದೆ, ಬೇಡವಾದ ದ್ರಾವಕದ ಕ್ಯಾನುಗಳನ್ನು ನಿಜವಾಗಿ ಎಲ್ಲಿಡುತ್ತಾರೆ ಎಂದು ಅವರಿಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿರುವುದಿಲ್ಲ. ಹಾಗೆಯೇ ಹಳೆಯ ಕಟ್ಟಡದಲ್ಲಿ ಈಗ ನಡೆಯುತ್ತಿರುವ ಸೂಕ್ಷ್ಮ ಪ್ರಯೋಗಗಳ ಪಟ್ಟಿ ಮಾಡಿ. ಅಡಿಪಾಯ ಅಗೆಯುವ ತಿಂಗಳುಗಳಲ್ಲಿ ಧೂಳೂ ಕಂಪನವೂ ಅವನ್ನು ಕೆಡಿಸುತ್ತವೆ, ಆ ದಿನಾಂಕಗಳು ಸಂಶೋಧಕರಿಗೆ ಮೊದಲೇ ತಿಳಿದಿರಬೇಕು.

ಟೆಂಡರ್ ಪತ್ರದಲ್ಲಿ ಒಂದು ಷರತ್ತು ಸೇರಿಸಿ. ಕಟ್ಟಡ ವಹಿಸಿಕೊಳ್ಳುವ ಮೊದಲು ಎಲ್ಲ ಹುಡ್‌ಗಳನ್ನೂ ಒಟ್ಟಿಗೆ ಓಡಿಸಿ, ಪ್ರತಿಯೊಂದರ ಬಾಯಲ್ಲೂ ಗಾಳಿಯ ವೇಗ ಅಳೆದು, ಹೊಗೆ ಬಿಟ್ಟು ತೋರಿಸಬೇಕು. ಒಂದೊಂದನ್ನೇ ಓಡಿಸಿದರೆ ಎಲ್ಲವೂ ಪಾಸಾಗುತ್ತವೆ. ಆ ಪರೀಕ್ಷೆ ಮುಗಿಯುವ ತನಕ ಕೊನೆಯ ಕಂತು ಕೊಡಬಾರದು. ನಿಮ್ಮ ಆರ್ಕಿಟೆಕ್ಟ್ ಅವರಿಂದ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿ ತೋರಿಸುವ ನಕ್ಷೆ ಕೇಳಿ ಪಡೆಯಿರಿ, ಡಕ್ಟುಗಳನ್ನು ಅದರಲ್ಲಿ ಅಳತೆಗೆ ಸರಿಯಾಗಿ ಬರೆದಿರಲಿ. ಹುಡ್‌ಗಳ ಸಂಖ್ಯೆಯ ಜೊತೆಗೆ ಆ ನಕ್ಷೆಯನ್ನು ನನಗೆ ಕಳಿಸಿದರೆ ಷಾಫ್ಟ್ ಸಾಲುತ್ತದೆಯೇ ಇಲ್ಲವೇ ಎಂದು ಲೆಕ್ಕ ಹಾಕಿ ಬರೆಯುತ್ತೇನೆ.